ಗೊನ್ನಾ, ಏಂಟ್: ಇದೂ ಇಂಗ್ಲಿಷೇನಾ?

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ಇಂಗ್ಲಿಷ್ ಪ್ರಬಂಧದಲ್ಲಿ ‘ಐಯಾಮ್ ಗೊನ್ನಾ’ ಅಂತ ಬರೆದಿದ್ದಳು. ಟೀಚರ್ ಕೆಂಪು ಇಂಕಿನಲ್ಲಿ ಗೀಟು ಹಾಕಿ, ‘ಇದು ಇಂಗ್ಲಿಷೇ ಅಲ್ಲ’ ಅಂತ ಬರೆದು ಮಾರ್ಕ್ಸ್ ಕಳೆದಿದ್ದಾರೆ. ‘ಅಮೆರಿಕದವರೆಲ್ಲ ಹೀಗೇ ಮಾತಾಡ್ತಾರಲ್ಲ ಅಪ್ಪ’ ಅಂತಾಳೆ ಇವಳು. ಯಾರ ಮಾತು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾರ್ಕ್ಸ್ ಕಳೆದಿದ್ದು ಸರಿ. ಬರೆದ ಷರಾ ತಪ್ಪು.

ಪ್ರಬಂಧಕ್ಕೆ ಬೇಕಾಗಿರುವುದು ಬರವಣಿಗೆಯ ಇಂಗ್ಲಿಷ್, ಅಲ್ಲಿ ‘ಗೋಯಿಂಗ್ ಟು’ ಅಂತಲೇ ಬರೆಯಬೇಕು. ಹಾಗಂತ ಗೊನ್ನಾ ಇಂಗ್ಲಿಷೇ ಅಲ್ಲ ಅಂದರೆ ಹೇಗೆ? ಲಂಡನ್ನಿರಲಿ, ಚಿಕಾಗೋ ಇರಲಿ, ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಮಾತಿನ ಓಟದಲ್ಲಿ ಗೊನ್ನಾ ಬಂದೇ ಬರುತ್ತದೆ. ಅದಕ್ಕೂ ಒಂದು ಕಟ್ಟುನಿಟ್ಟಿನ ನಿಯಮ ಇದೆ ನೋಡಿ. ‘ಐಯಾಮ್ ಗೊನ್ನಾ ಈಟ್’ ಅನ್ನಬಹುದು, ಯಾಕಂದರೆ ಮುಂದೆ ಕ್ರಿಯಾಪದ ಇದೆ. ಆದರೆ ಊರಿಗೆ ಹೊರಟವರು ‘ಐಯಾಮ್ ಗೊನ್ನಾ ಮೈಸೂರ್’ ಅನ್ನುವ ಹಾಗಿಲ್ಲ, ಅಲ್ಲಿ ‘ಗೋಯಿಂಗ್ ಟು’ ಬಿಡಿಸಿಯೇ ಹೇಳಬೇಕು. ಯಾವ ಮೇಷ್ಟ್ರೂ ಇದನ್ನು ಕಲಿಸಲ್ಲ, ಆದರೂ ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳು ಕೂಡ ಇಲ್ಲಿ ಎಡವುವುದಿಲ್ಲ.

ಇನ್ನು ಕಾಂಟ್, ಡೋಂಟ್, ವೋಂಟ್ ಇವು ಸ್ಲ್ಯಾಂಗೇ (ಪೋಲಿ ಆಡುಮಾತೇ) ಅಲ್ಲ. ಎಲ್ಲರೂ ಒಪ್ಪಿಕೊಂಡ ರೂಪಗಳು. ಹಾಗೆ ಒಪ್ಪಿಕೊಳ್ಳುವ ಮೊದಲು ಇವೂ ಸಾಕಷ್ಟು ಬೈಸಿಕೊಂಡಿವೆ. 1710ರಲ್ಲಿ ‘ಗಲಿವರ್ಸ್ ಟ್ರಾವೆಲ್ಸ್’ ಖ್ಯಾತಿಯ ಲೇಖಕ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಪದಗಳನ್ನು ಹೀಗೆ ಮೊಟಕು ಮಾಡುವವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದ. ‘ಮಾಬ್’ (ದೊಂಬಿ ಗುಂಪು) ಅನ್ನುವ ಪದ ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ‘ಮೊಬಿಲೆ ವಲ್ಗಸ್’ ಅನ್ನುವ ಲ್ಯಾಟಿನ್ ಮಾತಿನ ಬಾಲ ಕತ್ತರಿಸಿ ಮಾಡಿದ ಪದ ಅದು. ಈಗ ಅದಿಲ್ಲದೆ ಇಂಗ್ಲಿಷ್ ಪತ್ರಿಕೆ ನಡೆಯುತ್ತಾ?

‘ಏಂಟ್’ ಕತೆ ಬೇರೆ. ಅದು ‘ಆಮ್ ನಾಟ್’ ಸವೆದು ಹುಟ್ಟಿದ್ದು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನದವರೂ ಸಂಕೋಚವಿಲ್ಲದೆ ಬಳಸುತ್ತಿದ್ದರು. ಆಮೇಲೆ ವ್ಯಾಕರಣದವರ ಕಣ್ಣಿಗೆ ಬಿತ್ತು, ಮಾನ ಹೋಯಿತು. 1961ರಲ್ಲಿ ವೆಬ್‌ಸ್ಟರ್ ನಿಘಂಟಿನ ಮೂರನೇ ದೊಡ್ಡ ಆವೃತ್ತಿ, ಅಮೆರಿಕದ ಹಲವು ಕಡೆ ಓದು ಬಲ್ಲವರೂ ಮಾತಿನಲ್ಲಿ ಏಂಟ್ ಬಳಸುತ್ತಾರೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿತು. ಅಷ್ಟಕ್ಕೇ ಪತ್ರಿಕೆಗಳು ಭಾಷೆಯೇ ಹಾಳಾಯಿತು ಅಂತ ಬೊಬ್ಬೆ ಹೊಡೆದವು. ಇದರಲ್ಲಿ ತಮಾಷೆ ಏನು ಅಂದರೆ, ‘ಐ ಆರ್’ ಅಂದರೆ ತಪ್ಪು, ಆದರೆ ‘ಏಂಟ್ ಐ’ ಬದಲಿಗೆ ‘ಆರೆಂಟ್ ಐ’ ಅಂದರೆ ಶುದ್ಧ ಇಂಗ್ಲಿಷಂತೆ! ತರ್ಕ ಹುಡುಕೋಕೆ ಹೋಗಬೇಡಿ, ಸುಮ್ನೆ ತಲೆನೋವು.

ಅಮೆರಿಕದ ಕಪ್ಪು ಜನರ ಇಂಗ್ಲಿಷನ್ನೂ ಹೀಗೇ ಕೆಟ್ಟ ಇಂಗ್ಲಿಷ್ ಅಂತ ಹೀಗಳೆದರು. ವಿಲಿಯಮ್ ಲಬೋವ್ ಅನ್ನುವ ಭಾಷಾವಿಜ್ಞಾನಿ 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಹುಡುಗರ ಮಾತು ರೆಕಾರ್ಡ್ ಮಾಡಿಕೊಂಡು, ಅದಕ್ಕೂ ಅದರದೇ ವ್ಯಾಕರಣ ಇದೆ ಅಂತ ತೋರಿಸಿಕೊಟ್ಟರು. ಆ ಹುಡುಗರ ಮಾತಿನಲ್ಲಿ ‘ಹಿ ವರ್ಕಿಂಗ್’ ಅಂದರೆ ಈಗ ಕೆಲಸ ಮಾಡುತ್ತಿದ್ದಾನೆ ಅಂತ. ‘ಹಿ ಬಿ ವರ್ಕಿಂಗ್’ ಅಂದರೆ ಯಾವಾಗಲೂ ಮಾಡುತ್ತಿರುತ್ತಾನೆ ಅಂತ. ಶಾಲೆಯ ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಪದ ಸೇರಿಸಬೇಕು. ಮಂಡ್ಯದವರ ‘ಬತ್ತಾವ್ನೆ’ ಪಠ್ಯಪುಸ್ತಕದಲ್ಲಿ ಇರಲ್ಲ, ಹಾಗಂತ ಅದನ್ನು ಕನ್ನಡವೇ ಅಲ್ಲ ಅನ್ನೋಕಾಗುತ್ತಾ?

ನಿಜವಾದ ತಪ್ಪೂ ಇದೆ ಅನ್ನಿ. ‘ಶುಡ್ ಹ್ಯಾವ್’ ಚಿಕ್ಕದಾಗಿ ‘ಶುಡವ್’ ಅಂತ ಕೇಳುತ್ತದಲ್ವಾ, ಅದನ್ನೇ ‘ಶುಡ್ ಆಫ್’ ಅಂತ ಬರೆಯುವವರಿದ್ದಾರೆ, ಇಂಗ್ಲಿಷ್ ಮನೆಮಾತಿನವರೇ ಜಾಸ್ತಿ. ಅದು ಸ್ಲ್ಯಾಂಗ್ ಅಲ್ಲ, ಬರೀ ಕಾಗುಣಿತದ ತಪ್ಪು. ಅದಕ್ಕೆ ಟೀಚರ್ ಎಷ್ಟು ಗೀಟು ಹಾಕಿದರೂ ನನ್ನ ತಕರಾರಿಲ್ಲ.

ಪ್ರಶ್ನೆ: ಆಫೀಸಿನ ಇಮೇಲಿನಲ್ಲಿ ‘ಡೋಂಟ್’, ‘ಐಯಾಮ್’ ಅಂತ ಮೊಟಕು ಮಾಡಿ ಬರೆಯಬಹುದಾ? ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೂ ಓದುತ್ತಿದ್ದೇನೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಮೇಲಿನಲ್ಲಿ ಧಾರಾಳವಾಗಿ ಬರೆಯಿರಿ. ಎಲ್ಲವನ್ನೂ ಬಿಡಿಸಿ ಬರೆದರೆ ಸಹೋದ್ಯೋಗಿಗೆ ನೋಟಿಸು ಕೊಟ್ಟ ಹಾಗಿರುತ್ತದೆ. ಪರೀಕ್ಷೆಯ ಪ್ರಬಂಧದಲ್ಲಿ ಮಾತ್ರ ‘ಡು ನಾಟ್’, ‘ಐ ಆಮ್’ ಅಂತ ಬಿಡಿಸಿ ಬರೆಯುವುದೇ ಒಳ್ಳೆಯದು. ಆ ಪರೀಕ್ಷೆಯ ಎರಡು ಬಗೆಗಳಲ್ಲಿ ಜನರಲ್ ಟ್ರೈನಿಂಗ್ ಅನ್ನುವುದನ್ನು ತೆಗೆದುಕೊಂಡಿದ್ದು, ಗೆಳೆಯರಿಗೆ ಪತ್ರ ಬರೆಯಲು ಕೇಳಿದರೆ, ಅಲ್ಲಿ ಮೊಟಕು ರೂಪವೇ ಸಹಜ. ಸ್ಪೀಕಿಂಗ್ ಪರೀಕ್ಷೆಯಲ್ಲಂತೂ ಬಿಡಿಬಿಡಿಯಾಗಿ ಹೇಳೋಕೆ ಹೋಗಬೇಡಿ, ಉರು ಹೊಡೆದುಕೊಂಡು ಬಂದವರ ಹಾಗೆ ಕೇಳಿಸುತ್ತದೆ.