ಜಲವರ್ಣದಲ್ಲಿ ಮರ ಬಿಡಿಸುವುದು: ಎಲೆಗಿಂತ ಮೊದಲು ನೆರಳು

ನೀವು ಕೇಳಿರುವುದು ಇಷ್ಟು: ಜಲವರ್ಣ ಆರಂಭಿಸಿ ಸ್ವಲ್ಪ ಕಾಲವಾಗಿದೆ, ಆಕಾಶ, ಗುಡ್ಡ, ನೀರು ಒಂದು ಮಟ್ಟಿಗೆ ಬರುತ್ತಿವೆ, ಆದರೆ ಮರ ಮಾತ್ರ ಕಡ್ಡಿಗೆ ಸಿಕ್ಕಿಸಿದ ಹಸಿರು ಹತ್ತಿಯುಂಡೆಯಂತೆ ಕಾಣುತ್ತದೆ, ಯಾವ ಸಾಮಗ್ರಿ ಕೊಳ್ಳಬೇಕು, ಯಾವ ಮರದಿಂದ ಆರಂಭಿಸಬೇಕು, ಎಲೆಗಳನ್ನು ಹೇಗೆ ಬಿಡಿಸಬೇಕು? ಮೂರನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ತೊಡಕು ಇರುವುದು ಅಲ್ಲಿಯೇ.

ಎಲೆಗಳನ್ನು ಬಿಡಿಸಬೇಕಾಗಿಲ್ಲ. ರಸ್ತೆಯ ಆಚೆ ಬದಿಯ ಹೊಂಗೆ ಮರವನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದರೆ ಎಲೆಗಳೆಲ್ಲ ಮರೆಯಾಗಿ, ಬೆಳಕು ಬಿದ್ದ ನಾಲ್ಕೈದು ದೊಡ್ಡ ಗುಂಪುಗಳೂ ಪ್ರತಿ ಗುಂಪಿನ ಅಡಿಯಲ್ಲಿ ನಿಂತ ನೆರಳೂ ಮಾತ್ರ ಉಳಿಯುತ್ತವೆ. ಜಲವರ್ಣದಲ್ಲಿ ಚಿತ್ರಿಸಬೇಕಾದದ್ದು ಈ ಬೆಳಕು ನೆರಳುಗಳ ಆಕಾರವನ್ನು. ಮರ ಉಂಡೆಯಂತೆ ಕಾಣುವುದಕ್ಕೆ ಕಾರಣವೂ ಇದೇ: ಇಡೀ ಹಂದರಕ್ಕೆ ಒಂದೇ ಹಸಿರು ಬಳಿದು, ಅಂಚನ್ನು ದುಂಡಗೆ ಮುಚ್ಚಿ, ಆಮೇಲೆ ಮೇಲಿನಿಂದ ಚುಕ್ಕೆಗಳನ್ನು ಇಟ್ಟರೆ ಮರಕ್ಕೆ ಒಳಗು ಎಂಬುದೇ ಇರುವುದಿಲ್ಲ. ಬಣ್ಣ ಮುಟ್ಟುವ ಮೊದಲು ಮೆದುವಾದ ಪೆನ್ಸಿಲಿನಲ್ಲಿ ಬೆಂಕಿಪೊಟ್ಟಣದ ಅಳತೆಯ ಒಂದು ಚಿಕ್ಕ ಕರಡು ಮಾಡಿ, ಅದರಲ್ಲಿ ಬಿಳಿ, ಬೂದು, ಕಪ್ಪು ಎಂಬ ಮೂರೇ ಛಾಯೆಗಳಿರಲಿ. ಈ ಕರಡಿನಲ್ಲಿ ಮರ ಮರವಾಗಿ ಕಂಡರೆ ಬಣ್ಣದಲ್ಲಿಯೂ ಕಾಣುತ್ತದೆ. ಇಲ್ಲಿಯೇ ಕಾಣದಿದ್ದರೆ ಎಷ್ಟು ಒಳ್ಳೆಯ ಹಸಿರನ್ನು ತಂದರೂ ಪ್ರಯೋಜನವಿಲ್ಲ.

ಸಾಮಗ್ರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಹಣವನ್ನು ಕಾಗದದ ಮೇಲೆ ಹಾಕಿ, ಬಣ್ಣದ ಮೇಲೆ ಅಲ್ಲ. ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಶೀಟು ನೀರು ಬಿದ್ದ ಕೂಡಲೇ ಸುಕ್ಕುಗಟ್ಟಿ ಬಣ್ಣವನ್ನು ತಗ್ಗುಗಳಲ್ಲಿ ನಿಲ್ಲಿಸುತ್ತದೆ, ಎರಡನೆಯ ಪದರ ಹಾಕುವಾಗ ಮೊದಲನೆಯದು ಎದ್ದು ಬರುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಸ್ವಲ್ಪ ಒರಟು ಮೈಯ, ಕೋಲ್ಡ್ ಪ್ರೆಸ್ ಎಂದು ಬರೆದಿರುವ ಕಾಗದ ಸಾಕು. ಹತ್ತಿಯದಾದರೆ ಇನ್ನೂ ಒಳ್ಳೆಯದು. 22 x 30 ಇಂಚಿನ ಪೂರ್ಣ ಹಾಳೆಯನ್ನು ಎಂಟು ಭಾಗ ಮಾಡಿದರೆ 11 x 7.5 ಇಂಚಿನ ತುಂಡುಗಳು ಸಿಗುತ್ತವೆ, ಕಲಿಕೆಗೆ ಈ ಅಳತೆ ಅನುಕೂಲವಾದದ್ದು. ಕುಂಚಗಳಲ್ಲಿ ನೀರು ಹಿಡಿದುಕೊಳ್ಳುವ 10 ಅಥವಾ 12ನೇ ನಂಬರಿನ ದುಂಡು ಕುಂಚ ಒಂದು, ಸಣ್ಣ ಕೊಂಬೆಗಳಿಗೆ ಉದ್ದ ಕೂದಲಿನ ರಿಗರ್ ಒಂದು. ಬಣ್ಣಗಳು ಕ್ಯಾಮ್ಲಿನ್‌ನವಾದರೂ ನಡೆಯುತ್ತದೆ: ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಲ್ಟ್ರಾಮರೀನ್ (ಕಡುನೀಲಿ), ಪ್ರಷ್ಯನ್ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಕ್ರಿಮ್ಸನ್ (ಕಡುಗೆಂಪು).

ಈ ಪಟ್ಟಿಯಲ್ಲಿ ಹಸಿರೇ ಇಲ್ಲವೆಂಬುದನ್ನು ಗಮನಿಸಿರಬಹುದು. ಟ್ಯೂಬಿನಿಂದ ನೇರವಾಗಿ ಬರುವ ಹಸಿರು ಚಿತ್ರದಲ್ಲಿ ಪ್ಲಾಸ್ಟಿಕ್ ಎಲೆಯ ಹಸಿರಾಗಿಬಿಡುತ್ತದೆ. ನೀವೇ ಬೆರೆಸಿದರೆ ಪ್ರತಿ ಸಲವೂ ಸ್ವಲ್ಪ ಬೇರೆಯಾಗುತ್ತದೆ, ಮರಕ್ಕೆ ಬೇಕಾದದ್ದು ಈ ವ್ಯತ್ಯಾಸವೇ. ಲೆಮನ್ ಯೆಲ್ಲೋಗೆ ತುಸು ಪ್ರಷ್ಯನ್ ಬ್ಲೂ ಸೇರಿಸಿದರೆ ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರುವ ಹೊಳಪಿನ ಹಸಿರು ಸಿಗುತ್ತದೆ. ಯೆಲ್ಲೋ ಓಕರ್‌ಗೆ ಅಲ್ಟ್ರಾಮರೀನ್ ಬೆರೆಸಿದರೆ ಧೂಳು ಕುಳಿತ ಬೇಸಿಗೆಯ ಹಸಿರು, ಪ್ರಷ್ಯನ್ ಬ್ಲೂಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಹಲಸಿನ ಮರದ ಒಳಗಿನ ಗಾಢ ನೆರಳು. ಹಸಿರು ಅತಿಯಾಗಿ ಕೂಗುತ್ತಿದೆ ಎನಿಸಿದಾಗ ಕ್ರಿಮ್ಸನ್‌ನ ಒಂದು ತುಣುಕು ಅದನ್ನು ತಗ್ಗಿಸುತ್ತದೆ. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ ನೆರಳಿನ ಬಣ್ಣವನ್ನು ತಟ್ಟೆಯಲ್ಲಿ ಅಗತ್ಯಕ್ಕಿಂತ ಗಾಢವಾಗಿಯೇ ಕಲಸಿಕೊಳ್ಳಬೇಕು.

ಕಾಂಡ ಕಂದು ಬಣ್ಣದ್ದು ಎಂಬ ಶಾಲೆಯ ದಿನಗಳ ನಂಬಿಕೆಯನ್ನೂ ಇಲ್ಲಿಯೇ ಬಿಡಬೇಕು. ಹುಣಸೆಯ ತೊಗಟೆ ಬಿರುಕುಬಿಟ್ಟ ಕಡುಬೂದು, ಅರಳಿಯದು ತಿಳಿಬೂದು, ನೀಲಗಿರಿಯದು ಸುಲಿದು ಬೀಳುವ ಪಟ್ಟಿಗಳ ನಡುವೆ ಇಣುಕುವ ಕೆನೆ ಬಣ್ಣ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಎರಡನ್ನೇ ಹೆಚ್ಚು ಕಡಿಮೆ ಮಾಡಿ ಬೆರೆಸಿದರೆ ಈ ಬೂದುಗಳೆಲ್ಲ ದೊರೆಯುತ್ತವೆ.

ಯಾವ ಮರದಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಎಲೆ ಉದುರಿಸಿದ ಮರ. ಬೇಸಿಗೆಯ ಆರಂಭದಲ್ಲಿ ದೇವಕಣಗಿಲೆಯೂ ಬೂರುಗವೂ ಬೋಳಾಗಿ ನಿಂತಿರುತ್ತವೆ. ದೇವಕಣಗಿಲೆಯ ಮೊಂಡು ಕವಲುಗಳು ಲೆಕ್ಕಕ್ಕೆ ಸಿಗುವಷ್ಟು ಕಡಿಮೆ, ಬೂರುಗದ ಕೊಂಬೆಗಳು ಕಾಂಡದಿಂದ ಅಡ್ಡಡ್ಡಲಾಗಿ ಸುತ್ತ ಹೊರಡುವುದು ದೂರದಿಂದಲೂ ತಿಳಿಯುತ್ತದೆ. ಕೊಂಬೆಗಳ ಬಗ್ಗೆ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಒಂದು ಮಾತು ಬರೆದಿಟ್ಟಿದ್ದಾನೆ: ಯಾವ ಎತ್ತರದಲ್ಲಿಯಾದರೂ ಎಲ್ಲ ಕೊಂಬೆಗಳನ್ನು ಒಟ್ಟುಗೂಡಿಸಿದರೆ ಅದು ಕೆಳಗಿನ ಕಾಂಡದ ದಪ್ಪಕ್ಕೆ ಸಮವಾಗುತ್ತದೆ. ಇದನ್ನು ಅಳತೆಗೋಲಾಗಿ ಬಳಸಬೇಕಿಲ್ಲ, ಆದರೆ ಕೊಂಬೆ ಕವಲೊಡೆದಲ್ಲೆಲ್ಲ ತೆಳುವಾಗಬೇಕು, ಎರಡು ಕವಲುಗಳ ನಡುವೆ ಹೆಚ್ಚುಕಡಿಮೆ ಒಂದೇ ದಪ್ಪ ಇರಬೇಕು ಎಂಬಷ್ಟು ನೆನಪಿಟ್ಟರೆ ಅರ್ಧ ಮರ ಸರಿಹೋದಂತೆ. ಕುಂಚವನ್ನು ಬುಡದಿಂದ ತುದಿಯ ಕಡೆಗೆ, ಮರ ಬೆಳೆದ ದಿಕ್ಕಿನಲ್ಲಿಯೇ ಎಳೆಯಿರಿ, ತುದಿ ಬರುತ್ತಿದ್ದಂತೆ ಒತ್ತಡ ಕಡಿಮೆ ಮಾಡುತ್ತಾ ಎತ್ತಿಬಿಡಿ. ಕೆಲವು ಕೊಂಬೆಗಳು ನಿಮ್ಮ ಕಡೆಗೇ ಚಾಚಿರುತ್ತವೆ. ಎಡಕ್ಕೂ ಬಲಕ್ಕೂ ಮಾತ್ರ ಕೊಂಬೆ ಬಿಡಿಸಿದ ಮರ ಚಪ್ಪಟೆಯಾಗುತ್ತದೆ.

ಇನ್ನು ಎಲೆ ತುಂಬಿದ ಮರ. ಕುಂಚದಲ್ಲಿ ತಿಳಿಹಸಿರು ತುಂಬಿಕೊಂಡು, ಹೆಚ್ಚಿನ ನೀರನ್ನು ಬಟ್ಟೆಗೆ ಒತ್ತಿ, ಕುಂಚವನ್ನು ಕಾಗದಕ್ಕೆ ಬಹುಮಟ್ಟಿಗೆ ಮಲಗಿಸಿ ಅದರ ಹೊಟ್ಟೆಯಿಂದ ಬೇಗನೆ ಸವರಿ. ಕಾಗದದ ಒರಟು ಮೈಯ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ ತಗ್ಗುಗಳು ಬಿಳಿಯಾಗಿ ಉಳಿಯುತ್ತವೆ, ಎಲೆಗಳ ಅಂಚು ತಾನಾಗಿಯೇ ಬರುತ್ತದೆ. ಈ ಪದರ ಇನ್ನೂ ಹಸಿಯಾಗಿರುವಾಗಲೇ ಪ್ರತಿ ಗುಂಪಿನ ಅಡಿಭಾಗಕ್ಕೆ, ಬೆಳಕು ಬೀಳದ ಬದಿಗೆ, ಗಟ್ಟಿಯಾಗಿ ಕಲಸಿದ ಗಾಢ ಹಸಿರನ್ನು ಮುಟ್ಟಿಸಿ ಕೈ ತೆಗೆದುಬಿಡಿ. ಬಣ್ಣ ತಾನಾಗಿ ಹರಡಿ ಬೆಳಕು ನೆರಳಿಗೆ ಇಳಿಯುವ ಆ ಗೆರೆಯಿಲ್ಲದ ಸಂಧಿಯನ್ನು ಕೈಯಿಂದ ತಿದ್ದಿ ತರಲು ಸಾಧ್ಯವಿಲ್ಲ, ಜಲವರ್ಣವನ್ನು ನಾನು ಇಷ್ಟೊಂದು ಪ್ರೀತಿಸುವುದು ಈ ಒಂದು ಕಾರಣಕ್ಕಾಗಿ. ಎರಡನೆಯ ಸಲ ಅದ್ದಿದ ಕುಂಚದಲ್ಲಿ ಕಾಗದದ ಮೇಲಿರುವುದಕ್ಕಿಂತ ಹೆಚ್ಚು ನೀರಿರಬಾರದು ಎಂಬುದೇ ಇಲ್ಲಿನ ಮುಖ್ಯ ನಿಯಮ. ಹೆಚ್ಚಿದ್ದರೆ ಆ ನೀರು ಅರೆ ಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿ ಅಂಚು ಹರಿದ ಕಲೆ ಮಾಡುತ್ತದೆ.

ಹಸಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಊರಿನ ಮೇಲೆಯೂ ಋತುವಿನ ಮೇಲೆಯೂ ನಿಂತಿದೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ ಕುಳಿತು ಚಿತ್ರಿಸುವವರು ಒಂದು ಪದರ ಒಣಗಲು ಬಹಳ ಹೊತ್ತು ಕಾಯಬೇಕಾಗುತ್ತದೆ, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಕುಂಚ ಅದ್ದಿ ಬರುವಷ್ಟರಲ್ಲಿ ಕಾಗದ ಒಣಗಿರುತ್ತದೆ. ದೂರದ ದೇಶಗಳ ಕಲಾವಿದರ ವಿಡಿಯೊ ನೋಡಿ ಕಲಿಯುವಾಗ ಅವರು ಹೇಳುವ ನಿಮಿಷಗಳ ಲೆಕ್ಕವನ್ನು ಬಿಟ್ಟು, ಕಾಗದವನ್ನು ಓರೆಯಾಗಿ ಹಿಡಿದು ಅದರ ಮೇಲಿನ ಹೊಳಪನ್ನು ನೋಡಿ. ಹೊಳಪು ಇರುವವರೆಗೆ ಬಣ್ಣ ಸೇರಿಸಬಹುದು. ಹೊಳಪು ಮಾಸಿ ಇನ್ನೂ ತಣ್ಣಗಿರುವಾಗ ಮುಟ್ಟಬಾರದು. ಪೂರ್ತಿ ಒಣಗಿದ ಮೇಲೆ ಮತ್ತೆ ಕೈ ಹಾಕಬಹುದು.

ಹಂದರದ ನಡುವೆ ಆಕಾಶ ಕಾಣುವ ಕಿಂಡಿಗಳನ್ನು ಮೊದಲೇ ಬಿಟ್ಟುಕೊಳ್ಳಬೇಕು, ಅವು ಬೇರೆ ಬೇರೆ ಗಾತ್ರದವಾಗಿರಲಿ, ಒಂದೆರಡರಲ್ಲಿ ಕೊಂಬೆಯ ತುಂಡು ಕಾಣಿಸಲಿ. ಬುಡದಲ್ಲಿ ಕಾಂಡ ಗೆರೆ ಎಳೆದಂತೆ ನಿಲ್ಲದೆ, ಬೇರಿನ ಉಬ್ಬಿನೊಂದಿಗೆ ನೆಲಕ್ಕೆ ಸೇರಿ ಅದರ ನೆರಳು ಹುಲ್ಲಿನ ಮೇಲೆ ಬೀಳಲಿ. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿರುವಾಗ ಈ ನೆರಳು ಮರದಡಿಯಲ್ಲಿಯೇ ಅಡಗಿರುತ್ತದೆ, ಆದ್ದರಿಂದ ಹೊರಗೆ ಕುಳಿತು ಚಿತ್ರಿಸುವುದಾದರೆ ಬೆಳಗ್ಗೆ ಒಂಬತ್ತರ ಒಳಗೆ ಹೋಗಿ.

ಎಲೆಗಳನ್ನು ಬಿಡಿಯಾಗಿ ಅಲ್ಲ, ಗುಂಪಾಗಿ ನೋಡಬೇಕು ಎಂಬ ಮಾತು ಹೂಬಿಟ್ಟ ಮರಗಳಿಗೂ ಸಲ್ಲುತ್ತದೆ. ಬೆಂಗಳೂರಿನ ಹೂಮರಗಳನ್ನು ಮತ್ತೆ ಮತ್ತೆ ಚಿತ್ರಿಸಿದ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳಲ್ಲಿ ಹೂವನ್ನು ಒಂದೊಂದಾಗಿ ಹುಡುಕಲಾಗದು, ಅದು ಬಣ್ಣದ ರಾಶಿಯಾಗಿಯೇ ನಿಲ್ಲುತ್ತದೆ. ಜಲವರ್ಣದ ನಿಸರ್ಗಚಿತ್ರ ಹೇಗಿರಬಲ್ಲದು ಎಂಬುದಕ್ಕೆ ಕೆ. ವೆಂಕಟಪ್ಪನವರ (1886–1965) ಊಟಿಯ ಚಿತ್ರಗಳನ್ನೂ ನೋಡಿ.

ತೆಂಗು ಅಡಿಕೆಗಳನ್ನು ಸ್ವಲ್ಪ ಕಾಲ ಮುಂದೂಡುವುದು ಒಳ್ಳೆಯದು. ಕವಲಿಲ್ಲದ ಕಾಂಡ ಸುಲಭವೆಂದು ತೋರಿದರೂ, ಗರಿಗಳಲ್ಲಿ ಕೆಲವು ನಮ್ಮ ಕಡೆಗೆ, ಕೆಲವು ಹಿಂದಕ್ಕೆ ಬಾಗಿರುವುದರಿಂದ ಪ್ರತಿ ಗರಿಯೂ ಬೇರೆ ಉದ್ದದಲ್ಲಿ, ಬೇರೆ ಬೆಳಕಿನಲ್ಲಿ ಕಾಣುತ್ತದೆ. ಗುಂಪಾಗಿ ನೋಡುವ ಅಭ್ಯಾಸ ಹೊಂಗೆಯಲ್ಲಿ ಬಂದ ಮೇಲೆ ಅಲ್ಲಿಗೆ ಹೋದರೆ ಕಣ್ಣು ಗೊಂದಲಕ್ಕೆ ಬೀಳುವುದಿಲ್ಲ.