ಬಿಳಿಸ್ರಾವ ಜಾಸ್ತಿಯಾಗಿದೆ, ಮಗುವಿಗೆ ಏನಾದರೂ ತೊಂದರೆನಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬಸುರಿಯಾದ ಮೊದಲ ಮೂರು ತಿಂಗಳಲ್ಲಿ ಆಗುವ ಸ್ರಾವದ ಬಗ್ಗೆ. ಎಷ್ಟೋ ಜನ ‘ಇದನ್ನು ಯಾರ ಹತ್ತಿರ ಕೇಳೋದು ಅಂತ ಗೊತ್ತಾಗಲಿಲ್ಲ’ ಎಂದು ಬರೆದಿದ್ದಾರೆ. ಕೇಳಿದ್ದು ಒಳ್ಳೆಯದಾಯಿತು. ಕೆಲವನ್ನು ಆರಿಸಿ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನನಗೆ ಈಗ ಏಳನೇ ವಾರ, ಮೊದಲ ಬಸುರಿ. ಕೆಲವು ದಿನಗಳಿಂದ ಒಳಉಡುಪು ಒದ್ದೆ ಒದ್ದೆ ಆಗುತ್ತಿದೆ. ತೆಳ್ಳಗೆ, ಬೆಳ್ಳಗೆ ಹೋಗುತ್ತದೆ. ವಾಸನೆ ಇಲ್ಲ, ತುರಿಕೆ ಇಲ್ಲ. ಆದರೆ ಒದ್ದೆ ಅನ್ನಿಸಿದಾಗಲೆಲ್ಲ ರಕ್ತ ಬಂತೇನೋ ಅಂತ ಎದೆ ಧಸಕ್ಕೆನ್ನುತ್ತದೆ, ಬಾತ್‌ರೂಮಿಗೆ ಓಡುತ್ತೇನೆ. ನನ್ನ ಅಕ್ಕನಿಗೆ ಎರಡು ಹೆರಿಗೆಯಲ್ಲೂ ಹೀಗೆ ಆಗಿರಲಿಲ್ಲವಂತೆ. ನನಗೆ ಮಾತ್ರ ಯಾಕೆ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಹೇಳುತ್ತಿರುವುದು ಬಸುರಿಯರಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಸ್ರಾವ. ತೆಳ್ಳಗೆ ಇದ್ದು, ನೀರಿನ ಬಣ್ಣ ಅಥವಾ ಹಾಲಿನ ಬಣ್ಣ ಇದ್ದು, ಕೆಟ್ಟ ವಾಸನೆ, ತುರಿಕೆ, ಉರಿ ಯಾವುದೂ ಇಲ್ಲದಿದ್ದರೆ ಅದು ಕಾಯಿಲೆ ಅಲ್ಲ.

ಯಾಕೆ ಜಾಸ್ತಿ ಆಗುತ್ತದೆ ಅಂದರೆ, ಗರ್ಭ ನಿಂತ ಮೇಲೆ ಮೈಯಲ್ಲಿ ಈಸ್ಟ್ರೋಜನ್ ಹಾರ್ಮೋನು ಏರುತ್ತಾ ಹೋಗುತ್ತದೆ, ಯೋನಿಗೂ ಗರ್ಭಕೋಶದ ಬಾಯಿಗೂ ರಕ್ತದ ಹರಿವು ಹೆಚ್ಚುತ್ತದೆ, ಅಲ್ಲಿರುವ ಸಣ್ಣ ಗ್ರಂಥಿಗಳು ಲೋಳೆಯನ್ನು ಜಾಸ್ತಿ ತಯಾರಿಸಲು ಶುರು ಮಾಡುತ್ತವೆ. ಅದರಲ್ಲಿ ಒಂದಿಷ್ಟು ದಪ್ಪಗಾಗಿ ಗರ್ಭಕೋಶದ ಬಾಯಿಯಲ್ಲೇ ಕೂತು ಅದನ್ನು ಮುಚ್ಚಿಬಿಡುತ್ತದೆ. ಹೊರಗಿನ ಸೋಂಕು ಮಗುವಿನ ತನಕ ಹೋಗದಂತೆ ಕಾಯುವುದು ಇದೇ ಲೋಳೆ. ಉಳಿದದ್ದು ತೆಳ್ಳಗಾಗಿ ಹೊರಗೆ ಬರುತ್ತದೆ. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಅವು ಅಲ್ಲಿ ಆಮ್ಲದ ಗುಣವನ್ನು ಉಳಿಸಿಕೊಳ್ಳುತ್ತವೆ. ಪಿಎಚ್ ಲೆಕ್ಕದಲ್ಲಿ ಸುಮಾರು 3.8ರಿಂದ 4.5. ಆ ಹುಳಿಯಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುವುದಿಲ್ಲ. ಸ್ರಾವಕ್ಕೆ ಲಘುವಾಗಿ ಹುಳಿ ವಾಸನೆ ಇರುವುದೂ ಅದಕ್ಕೇ. ಆ ವಾಸನೆಗೆ ಹೆದರಬೇಡಿ.

ಇನ್ನೊಂದು ವಿಷಯ. ಬರುವಾಗ ಬೆಳ್ಳಗಿದ್ದದ್ದು ಬಟ್ಟೆಯ ಮೇಲೆ ಒಣಗಿದ ಮೇಲೆ ತಿಳಿ ಹಳದಿಯಾಗಿ ಕಾಣುತ್ತದೆ. ಸಂಜೆ ಒಳಉಡುಪು ನೋಡಿ ‘ಹಳದಿ ಹೋಗ್ತಿದೆ’ ಅಂತ ಗಾಬರಿ ಬಿದ್ದು ಬರುವವರು ಇದ್ದಾರೆ. ಬಣ್ಣ ನೋಡಬೇಕಾದದ್ದು ಒಣಗಿದ ಕಲೆಯಲ್ಲಲ್ಲ, ಆಗಷ್ಟೇ ಬಂದದ್ದರಲ್ಲಿ. ಬಿಳಿ ಟಿಶ್ಯೂನಲ್ಲಿ ಒರೆಸಿಕೊಂಡು ಬೆಳಕಿನಲ್ಲಿ ನೋಡಿದರೆ ಗೊತ್ತಾಗುತ್ತದೆ.

ಅಕ್ಕನ ಜೊತೆ ಹೋಲಿಸಿಕೊಳ್ಳಬೇಡಿ. ಒಬ್ಬರಿಗೆ ದಿನಕ್ಕೊಂದು ಪ್ಯಾಂಟಿ ಲೈನರ್ ಬೇಕಾಗುತ್ತದೆ, ಇನ್ನೊಬ್ಬರಿಗೆ ಏನೂ ಗೊತ್ತೇ ಆಗುವುದಿಲ್ಲ. ಎರಡೂ ಸರಿಯೇ. ತಿಂಗಳು ತುಂಬುತ್ತಾ ಬಂದ ಹಾಗೆ ಸ್ರಾವ ಇನ್ನೂ ಹೆಚ್ಚಬಹುದು, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಹತ್ತಿಯ, ಸ್ವಲ್ಪ ಸಡಿಲವಾದ ಒಳಉಡುಪು ಹಾಕಿಕೊಳ್ಳಿ, ಒದ್ದೆಯಾದರೆ ಬದಲಾಯಿಸಿ. ಲೈನರ್ ಬೇಕಿದ್ದರೆ ಸುವಾಸನೆ ಇಲ್ಲದ್ದನ್ನು ತೆಗೆದುಕೊಳ್ಳಿ. ಯೋನಿಯೊಳಗೆ ಇಟ್ಟುಕೊಳ್ಳುವ ಟ್ಯಾಂಪಾನ್ ಬೇಡ. ಮುಖ್ಯವಾಗಿ, ಒಳಗೆ ನೀರು ಹಾಯಿಸಿ ತೊಳೆಯಬೇಡಿ. ಹೊರಗೆ ಬರೀ ನೀರಿನಿಂದ ತೊಳೆದರೆ ಸಾಕು.

ಪ್ರಶ್ನೆ: ನನಗೆ ಆರನೇ ವಾರ. ನಿನ್ನೆ ಒರೆಸಿಕೊಂಡಾಗ ಕಂದು ಬಣ್ಣದ ಕಲೆ ಕಾಣಿಸಿತು. ಹೊಟ್ಟೆನೋವು ಅಷ್ಟೇನಿಲ್ಲ. ಇವತ್ತು ಸ್ವಲ್ಪ ಗುಲಾಬಿ ಬಣ್ಣ. ಮನೆಯವರು ಹಾಸಿಗೆ ಬಿಟ್ಟು ಏಳಲೇಬೇಡ ಅನ್ನುತ್ತಿದ್ದಾರೆ. ಮಗು ಉಳಿಯುತ್ತಾ ಮೇಡಂ?

ಉತ್ತರ: ಈ ಪತ್ರ ಓದಿ ನಿಮ್ಮ ಸಂಕಟ ಅರ್ಥವಾಯಿತು. ಮಗು ಹೇಗಿದೆ ಅಂತ ಪತ್ರ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ನಿಮ್ಮ ಡಾಕ್ಟರ್ ಸ್ಕ್ಯಾನ್ ಮಾಡಿಯೇ ಹೇಳಬೇಕು, ಆದ್ದರಿಂದ ಇವತ್ತೇ ಅವರಿಗೆ ಫೋನ್ ಮಾಡಿ. ರಕ್ತ ಎಷ್ಟೇ ಸ್ವಲ್ಪ ಇರಲಿ, ಬಣ್ಣ ಯಾವುದೇ ಇರಲಿ, ಬಸುರಿಯಲ್ಲಿ ಕಂಡರೆ ಹೇಳಲೇಬೇಕು. ‘ನಾಳೆ ನೋಡೋಣ’ ಅನ್ನುವುದು ಬೇಡ.

ಹಾಗಂತ ಎಲ್ಲ ಮುಗಿಯಿತು ಅಂತ ಅಂದುಕೊಳ್ಳಲೂಬೇಡಿ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಬಹಳಷ್ಟು ಜನರ ಬಸುರಿ ಚೆನ್ನಾಗಿಯೇ ಮುಂದುವರಿಯುತ್ತದೆ. ಕಂದು ಅಂದರೆ ಹಳೆಯ ರಕ್ತ, ನಿಧಾನವಾಗಿ ಹೊರಗೆ ಬಂದದ್ದು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವಾಗ ಒಂದೆರಡು ಹನಿ ಬರಬಹುದು, ಆದರೆ ಅದು ಆಗುವುದು ಮುಟ್ಟು ಬರಬೇಕಾಗಿದ್ದ ದಿನದ ಆಸುಪಾಸಿನಲ್ಲಿ. ನಿಮ್ಮ ಆರನೇ ವಾರಕ್ಕೆ ಆ ಕಾರಣ ಅಷ್ಟಾಗಿ ಹೊಂದುವುದಿಲ್ಲ. ಗರ್ಭಕೋಶದ ಬಾಯಿ ಈಗ ರಕ್ತ ತುಂಬಿ ಮೆತ್ತಗಾಗಿರುತ್ತದೆ, ಗಂಡ ಹೆಂಡತಿ ಸೇರಿದ ಮೇಲೋ ಒಳಗಿನ ಪರೀಕ್ಷೆ ಆದ ಮೇಲೋ ಅಲ್ಲಿಂದ ಸ್ವಲ್ಪ ರಕ್ತ ಬರುವುದುಂಟು. ಸೋಂಕಿನಿಂದಲೂ ಬರಬಹುದು. ಗರ್ಭಪಾತದ ಮೊದಲ ಸೂಚನೆಯೂ ಹೀಗೇ ಇರಬಹುದು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಇನ್ನೊಂದರ ಬಗ್ಗೆ. ಕೆಲವೊಮ್ಮೆ ಗರ್ಭ, ಗರ್ಭಕೋಶದ ಒಳಗೆ ನಿಲ್ಲದೆ ಅಂಡನಾಳದಲ್ಲಿ ಬೆಳೆಯಲು ಶುರುವಾಗುತ್ತದೆ. ಅದೂ ಇದೇ ವಾರಗಳಲ್ಲಿ, ಇಂಥದ್ದೇ ಸಣ್ಣ ಸ್ಪಾಟಿಂಗ್‌ನಿಂದ ಗೊತ್ತಾಗಬಹುದು. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸೋರಿ ತಾಯಿಯ ಜೀವಕ್ಕೇ ಅಪಾಯ, ಹೊರಗೆ ಕಾಣುವ ರಕ್ತ ಮಾತ್ರ ತೀರಾ ಕಡಿಮೆ. ಹಾಗಾಗಿ ಕೆಳಹೊಟ್ಟೆಯ ಒಂದೇ ಕಡೆ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಫೋನ್ ಮಾಡಿ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಹೋದರೆ, ಗಡ್ಡೆ ಗಡ್ಡೆಯಾಗಿ ಬಂದರೆ, ಜ್ವರ ಬಂದರೆ ಕೂಡ ಹಾಗೆಯೇ. ರಾತ್ರಿ ಎರಡು ಗಂಟೆಯಾದರೂ ಸರಿ.

ಪ್ಯಾಡ್ ಹಾಕಿಕೊಂಡಿರಿ, ರಕ್ತ ಎಷ್ಟು ಹೋಯಿತು ಅಂತ ಡಾಕ್ಟರಿಗೆ ಹೇಳಲು ಸುಲಭವಾಗುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿ, ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ತಿರುಗಿಬೀಳದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಕೆಲವರಿಗೆ ಬೇಕಾಗುತ್ತದೆ. ಇನ್ನು ಹಾಸಿಗೆ ವಿಚಾರ. ಮಲಗಿಯೇ ಇದ್ದರೆ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಭಾರ ಎತ್ತಬೇಡಿ, ಸುಸ್ತಾದರೆ ಮಲಗಿ. ಎದ್ದು ಓಡಾಡಿದ್ದರಿಂದ ಹೀಗಾಯಿತು ಅಂತ ಯಾರಾದರೂ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮದೇನೂ ತಪ್ಪಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ಡಾಕ್ಟರು ಪ್ರೊಜೆಸ್ಟರಾನ್ (ಗರ್ಭ ನಿಲ್ಲಲು ಬೇಕಾದ ಹಾರ್ಮೋನು) ಗುಳಿಗೆ ಬರೆದುಕೊಟ್ಟಿದ್ದಾರೆ, ರಾತ್ರಿ ಯೋನಿಯೊಳಗೆ ಇಟ್ಟುಕೊಳ್ಳುವಂಥದ್ದು. ಬೆಳಿಗ್ಗೆ ಬೆಳ್ಳಗೆ, ಪುಡಿಪುಡಿಯಾಗಿ ಹೊರಗೆ ಬರುತ್ತದೆ. ಔಷಧಿಯೆಲ್ಲ ಹೊರಗೇ ಹೋಗ್ತಿದೆ ಅಂತ ಅವಳಿಗೆ ಚಿಂತೆ. ಇನ್ನೊಂದು ಇಡಬೇಕಾ?

ಉತ್ತರ: ಬೇಡ. ಔಷಧಿಯನ್ನು ಮೈ ಹೀರಿಕೊಂಡಿರುತ್ತದೆ, ಹೊರಗೆ ಬರುವುದು ಗುಳಿಗೆಯಲ್ಲಿ ಬೆರೆಸಿರುವ ಎಣ್ಣೆ, ಮೇಣ, ಪುಡಿಯಂಥದ್ದು. ಮಲಗುವ ಹೊತ್ತಿಗೆ ಇಟ್ಟುಕೊಂಡರೆ ಸೋರುವುದು ಕಡಿಮೆ. ಕೆಂಪು ಕಂಡರೆ ಮಾತ್ರ ಅದು ಗುಳಿಗೆಯದ್ದು ಅಂತ ಸುಮ್ನೆ ಇರಬೇಡಿ, ತಿಳಿಸಿ. ಹೆಂಡತಿಯ ಪರವಾಗಿ ನೀವು ಕೇಳಿದ್ದು ನೋಡಿ ಖುಷಿಯಾಯಿತು.

ಪ್ರಶ್ನೆ: ಎರಡೂವರೆ ತಿಂಗಳಾಗಿದೆ. ಒಡೆದ ಹಾಲಿನ ಹಾಗೆ ಗಟ್ಟಿಗಟ್ಟಿ ಬಿಳಿ ಹೋಗುತ್ತಿದೆ, ತುರಿಕೆ ತಡೆಯಲು ಆಗುತ್ತಿಲ್ಲ, ರಾತ್ರಿ ನಿದ್ದೆಯೂ ಇಲ್ಲ. ಮದುವೆಗೆ ಮುಂಚೆ ಒಮ್ಮೆ ಹೀಗಾದಾಗ ಮೆಡಿಕಲ್ ಶಾಪ್‌ನಲ್ಲಿ ಒಂದೇ ಒಂದು ಮಾತ್ರೆ ಕೊಟ್ಟಿದ್ದರು, ಹೋಗಿತ್ತು. ಅದನ್ನೇ ತೆಗೆದುಕೊಳ್ಳಲಾ?

ಉತ್ತರ: ದಯವಿಟ್ಟು ತೆಗೆದುಕೊಳ್ಳಬೇಡಿ. ನೀವು ಹೇಳುವ ಮಾತ್ರೆ ಬಹುಶಃ ಫ್ಲುಕೊನಜೋಲ್, 150 ಮಿಲಿಗ್ರಾಂನದ್ದು. ಬಸುರಿಯಲ್ಲಿ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ನುಂಗುವ ಆ ಮಾತ್ರೆಯನ್ನು ಡಾಕ್ಟರ್ ಕೇಳದೆ ಮುಟ್ಟಬಾರದು. ಲಕ್ಷಣ ಕೇಳಿದರೆ ಯೀಸ್ಟ್ ಸೋಂಕಿನ ಹಾಗೆ ಕಾಣುತ್ತದೆ. ಕ್ಯಾಂಡಿಡಾ ಅನ್ನುವ ಒಂದು ಬಗೆಯ ಶಿಲೀಂಧ್ರ ಇದಕ್ಕೆ ಕಾರಣ. ಬಸುರಿಯಲ್ಲಿ ಯೋನಿಯ ಜೀವಕೋಶಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆ ಅಂಶ ಜಾಸ್ತಿ ಸೇರುವುದರಿಂದ ಅದು ಚೆನ್ನಾಗಿ ಬೆಳೆಯುತ್ತದೆ. ಮಗುವಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಷ್ಟ ಎಲ್ಲ ನಿಮಗೇ.

ಇದಕ್ಕೆ ಹಚ್ಚುವ ಅಥವಾ ಒಳಗೆ ಇಡುವ ಔಷಧಿ ಇದೆ, ಕ್ಲೋಟ್ರಿಮಜೋಲ್‌ನಂಥದ್ದು. ಬಸುರಿಯರಿಗೆ ಸಾಮಾನ್ಯವಾಗಿ 7 ದಿನ ಕೊಡುತ್ತಾರೆ. ಎರಡು ದಿನಕ್ಕೇ ತುರಿಕೆ ನಿಂತಿತು ಅಂತ ನಡುವೆ ಬಿಡಬೇಡಿ. ಔಷಧಿ ಇಡುವ ಕೊಳವೆ ಇದ್ದರೆ ಮೆಲ್ಲಗೆ ಬಳಸಿ, ಒತ್ತಬೇಡಿ. ಬಿಳಿ, ತುರಿಕೆ ಅಂದರೆಲ್ಲ ಯೀಸ್ಟೇ ಆಗಿರುವುದಿಲ್ಲ, ಅದಕ್ಕೇ ಒಮ್ಮೆ ತೋರಿಸಿ ಖಚಿತ ಮಾಡಿಕೊಳ್ಳಿ ಅನ್ನುತ್ತೇನೆ. ಮತ್ತೆ ಮತ್ತೆ ಬಂದರೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡಿಸಿ. ಮೂತ್ರ ಮಾಡುವಾಗ ಉರಿ ಇದ್ದರೆ ಮೂತ್ರ ಪರೀಕ್ಷೆಯನ್ನೂ ಮಾಡಿಸಬೇಕು.

ಪ್ರಶ್ನೆ: ಹೇಳಿಕೊಳ್ಳಲು ನಾಚಿಕೆ ಆಗುತ್ತೆ ಮೇಡಂ. ಬೂದು ಬಣ್ಣದ ನೀರಿನಂಥ ಸ್ರಾವ, ಮೀನಿನ ವಾಸನೆ. ಗಂಡನ ಜೊತೆ ಮಲಗಿದ ಮೇಲೆ ಇನ್ನೂ ಜಾಸ್ತಿ. ಸುವಾಸನೆಯ ವಾಶ್ ತಂದು ದಿನಕ್ಕೆ ಮೂರು ಸಲ ತೊಳೆಯುತ್ತಿದ್ದೇನೆ, ಹೋಗುತ್ತಿಲ್ಲ. ಮೂರು ತಿಂಗಳ ಬಸುರಿ ನಾನು.

ಉತ್ತರ: ಇದು ನೀವು ಕೊಳಕಾಗಿದ್ದೀರಿ ಅಂತ ಬಂದದ್ದಲ್ಲ. ನಾಚಿಕೆಪಟ್ಟು ದಿನ ದೂಡಬೇಡಿ. ಮೇಲೆ ಹೇಳಿದ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ತಲೆ ಎತ್ತಿದಾಗ ಹೀಗಾಗುತ್ತದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತಾರೆ. ಆ ವಾಶ್ ಇವತ್ತೇ ನಿಲ್ಲಿಸಿ. ತೊಳೆದಷ್ಟೂ ಒಳ್ಳೆಯ ಬ್ಯಾಕ್ಟೀರಿಯಾ ಕೊಚ್ಚಿಹೋಗಿ ವಾಸನೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಸುರಿಯಲ್ಲಿ ಇದನ್ನು ಹಾಗೇ ಬಿಡುವುದು ಸರಿಯಲ್ಲ, ಯಾಕೆಂದರೆ ತಿಂಗಳು ತುಂಬುವ ಮೊದಲೇ ಹೆರಿಗೆ ಆಗುವುದಕ್ಕೂ ಇದಕ್ಕೂ ನಂಟಿದೆ. ಸ್ರಾವದ ಸ್ಯಾಂಪಲ್ ಹತ್ತಿಯ ಕಡ್ಡಿಯಲ್ಲಿ ತೆಗೆಯುತ್ತಾರೆ, ನೋವಾಗುವುದಿಲ್ಲ, ಒಂದು ನಿಮಿಷದ ಕೆಲಸ. ಆಮೇಲೆ ಮೆಟ್ರೊನಿಡಜೋಲ್‌ನಂಥ ಆಂಟಿಬಯಾಟಿಕ್ ಕೊಡುತ್ತಾರೆ, ಬಸುರಿಯರಿಗೂ ಕೊಡುವ ಔಷಧಿಯೇ ಅದು. ಒಂದು ವೇಳೆ ಸ್ರಾವ ಹಸಿರು ಮಿಶ್ರಿತ ಹಳದಿಯಾಗಿ, ನೊರೆನೊರೆಯಾಗಿ ಬರುತ್ತಿದ್ದರೆ ಅದು ಟ್ರೈಕೊಮೊನಾಸ್ ಸೋಂಕು ಇರಬಹುದು. ಅದು ದೈಹಿಕ ಸಂಪರ್ಕದಿಂದ ಹರಡುವಂಥದ್ದು, ಗಂಡನಿಗೂ ಔಷಧಿ ಆಗಲೇಬೇಕು, ಇಲ್ಲವಾದರೆ ನಿಮಗೆ ವಾಸಿಯಾಗಿ ಮತ್ತೆ ಬರುತ್ತದೆ. ಯಾರಿಂದ ಯಾರಿಗೆ ಬಂತು ಅನ್ನುವ ಜಗಳ ಈಗ ಬೇಡ. ಇದು ಗೊತ್ತಾಗದೆ ಮೈಯಲ್ಲಿ ಬಹಳ ಕಾಲ ಇರಬಲ್ಲದು.

ಪ್ರಶ್ನೆ: ಮುಟ್ಟಿಗೆ ಇನ್ನೂ ನಾಲ್ಕು ದಿನ ಇದೆ. ಬಿಳಿಸ್ರಾವ ಜಾಸ್ತಿಯಾಗಿದೆ. ಇದು ಬಸುರಿಯ ಲಕ್ಷಣ ಅಂತ ಗೆಳತಿ ಹೇಳಿದಳು, ನಿಜಾನಾ?

ಉತ್ತರ: ಆಗಿರಬಹುದು, ಆಗದೆಯೂ ಇರಬಹುದು. ಮುಟ್ಟಿಗೆ ಮುಂಚೆ ಬಸುರಿ ಅಲ್ಲದವರಿಗೂ ಸ್ರಾವ ಬದಲಾಗುತ್ತದೆ, ಅದನ್ನು ನೋಡಿ ಯಾರೂ ಖಚಿತವಾಗಿ ಹೇಳಲಾರರು. ಮುಟ್ಟಿನ ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಪರೀಕ್ಷೆ ಮಾಡಿ. ಒಂದೇ ಗೆರೆ ಬಂದು, ಮುಟ್ಟೂ ಬರದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಮಗು ಬೇಕು ಅಂತ ಪ್ರಯತ್ನ ಮಾಡುತ್ತಿದ್ದರೆ ಫಲಿತಾಂಶಕ್ಕೆ ಕಾಯದೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಿನಿಂದಲೇ ಶುರು ಮಾಡಿ. ಬೇರೆ ಯಾವುದಾದರೂ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ.