ಹುಳು ಬರುವ ಮೊದಲೇ ಹೇಳಬಹುದಿತ್ತಲ್ವಾ?

ರಾಣೆಬೆನ್ನೂರು ತಾಲ್ಲೂಕಿನ ರೈತರೊಬ್ಬರು ಬರೆದಿದ್ದಾರೆ: 'ಹೊರದೇಶದ ಕೀಟಗಳು ಮುಂದೆ ಎಲ್ಲೆಲ್ಲಿ ಹಬ್ಬಬಹುದು ಅಂತ ಕಳೆದ ಸಂಚಿಕೆಯಲ್ಲಿ ನಕ್ಷೆ ಹಾಕಿದ್ದೀರಿ. ನಮ್ಮ ತಾಲ್ಲೂಕಿಗೆ ಕೆಂಪು ಬಣ್ಣ ಬಳಿದಿದ್ದೀರಿ. ಇಷ್ಟೆಲ್ಲ ಮೊದಲೇ ಗೊತ್ತಾಗುವುದಾದರೆ, 2018ರಲ್ಲಿ ಗೋವಿನಜೋಳಕ್ಕೆ ಲದ್ದಿಹುಳು ಬಿದ್ದಾಗ ಯಾಕೆ ಯಾರೂ ಹೇಳಲಿಲ್ಲ?'

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಯಾಕೆಂದರೆ ಹೇಳಿದವರು ಇದ್ದರು. ಆ ಮಾತು ನಿಮ್ಮ ಹೊಲದ ತನಕ ಬರಲಿಲ್ಲ.

ನೀವು ಹೇಳುವ ಹುಳು ಫಾಲ್ ಸೈನಿಕ ಹುಳು. ಅದರ ಮೂಲ ಅಮೆರಿಕ ಖಂಡ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಇದು ಏಷ್ಯಾದ ಬಿಸಿ ನಾಡುಗಳಿಗೂ ಬರಬಹುದು ಅಂತ ಕ್ಯಾಬಿ ಎಂಬ ಅಂತರರಾಷ್ಟ್ರೀಯ ಕೃಷಿ ಸಂಸ್ಥೆಯ ವಿಜ್ಞಾನಿಗಳು 2017ರಲ್ಲೇ ಎಚ್ಚರಿಸಿದ್ದರು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನವರು ಅದನ್ನು ಗೋವಿನಜೋಳದಲ್ಲಿ ಕಂಡರು. ಭಾರತದಲ್ಲಿ ಅದೇ ಮೊದಲು. 2019ರ ಜನವರಿಯಲ್ಲಿ ಚೀನಾ, 2020ರಲ್ಲಿ ಆಸ್ಟ್ರೇಲಿಯಾ.

ಇದರಲ್ಲಿ ಜ್ಯೋತಿಷ್ಯ ಏನೂ ಇಲ್ಲ. ಹುಳು ವರ್ಷವಿಡೀ ಬದುಕುವ ಊರುಗಳ ಬಿಸಿಲು, ಮಳೆ, ಚಳಿಯ ಲೆಕ್ಕ ತೆಗೆಯುತ್ತಾರೆ. ಅಂಥದ್ದೇ ಹವೆ ಬೇರೆಲ್ಲಿದೆ ಅಂತ ಕಂಪ್ಯೂಟರ್‌ನಲ್ಲಿ ಹುಡುಕುತ್ತಾರೆ. ಈ ಹುಳುವಿಗೆ ಹಿಮ ಬಿದ್ದರೆ ಆಗದು. ಅಮೆರಿಕದಲ್ಲೂ ಚಳಿಗಾಲ ಕಳೆಯುವುದು ದಕ್ಷಿಣ ಫ್ಲಾರಿಡಾ, ದಕ್ಷಿಣ ಟೆಕ್ಸಾಸ್‌ನಂಥ ಬೆಚ್ಚಗಿನ ಕಡೆ ಮಾತ್ರ. ಅಲ್ಲಿಂದ ಪ್ರತಿವರ್ಷ ಅದರ ಪತಂಗ ಉತ್ತರಕ್ಕೆ, ಕೆನಡಾದವರೆಗೂ ಹಾರಿಹೋಗುತ್ತದೆ. ಗಾಳಿ ಸಿಕ್ಕರೆ ಒಂದು ರಾತ್ರಿಗೆ ಸುಮಾರು 100 ಕಿ.ಮೀ. ನಮ್ಮಲ್ಲಿ ಹಿಮವೂ ಇಲ್ಲ, ಗೋವಿನಜೋಳಕ್ಕೆ ಬರವೂ ಇಲ್ಲ. ಹಾವೇರಿ, ದಾವಣಗೆರೆ ಕಡೆ ಕೆಂಪು ಬಣ್ಣ ಬಂದಿದ್ದು ಹೀಗೆ.

ಆದರೆ ನಕ್ಷೆ ಹೇಳುವುದು 'ಬಂದರೆ ಇಲ್ಲಿ ಬದುಕುತ್ತದೆ' ಅಂತ ಮಾತ್ರ. ಯಾವ ತಿಂಗಳು, ಯಾವ ದಾರಿಯಲ್ಲಿ ಬರುತ್ತದೆ ಅಂತ ಅದು ಹೇಳಲಾರದು. ಸರಕಿನ ಜೊತೆಗೂ ಬಂದೀತು, ಗಾಳಿಯಲ್ಲೂ ಬಂದೀತು. ಇನ್ನೊಂದು ಕೊರತೆಯೂ ಉಂಟು. ಬರೀ ಮಳೆಯ ಅಂಕಿ ನೋಡಿದರೆ ಬಯಲುಸೀಮೆಯ ಎಷ್ಟೋ ಜಾಗ ಹುಳುವಿಗೆ ಒಗ್ಗದ ಒಣಭೂಮಿ ಅನ್ನಿಸುತ್ತದೆ. ಅಲ್ಲಿ ಬೋರ್‌ವೆಲ್ ನೀರಲ್ಲಿ ಬೇಸಿಗೆಯಲ್ಲೂ ಗೋವಿನಜೋಳ ಹಸಿರಾಗಿ ನಿಂತಿರುತ್ತದೆ. ಅದು ನಿಮಗೆ ಗೊತ್ತು, ಮಳೆಯ ಲೆಕ್ಕಕ್ಕೆ ಗೊತ್ತಿಲ್ಲ.

ಶಿವಮೊಗ್ಗದಲ್ಲಿ ಮೊದಲು ಸಿಕ್ಕಿತು ಅಂದರೆ ಅಲ್ಲೇ ಮೊದಲು ಇಳಿಯಿತು ಅಂತಲೂ ಅಲ್ಲ. ಅಲ್ಲಿ ಗುರುತು ಹಿಡಿಯುವವರು ಇದ್ದರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ದೊಡ್ಡ ಮಾತು ಇದೇ. ಹುಳು ಸಿಕ್ಕ ಊರುಗಳನ್ನು ಗುರುತಿಸಿದ ನಕ್ಷೆಯಲ್ಲಿ ಖಾಲಿ ಕಾಣುವ ತಾಲ್ಲೂಕಿನಲ್ಲಿ ಹುಳು ಇಲ್ಲದಿರಬಹುದು, ಇಲ್ಲವೇ ಯಾರೂ ಹೋಗಿ ನೋಡಿರಲಿಕ್ಕಿಲ್ಲ. ಎರಡಕ್ಕೂ ಬಣ್ಣ ಒಂದೇ!

ನೀವು ಮೆಣಸಿನಕಾಯಿಯನ್ನೂ ಬೆಳೆಯುತ್ತೀರಿ ಅಂತ ಬರೆದಿದ್ದೀರಿ. ಹಾಗಾಗಿ ಇದನ್ನೂ ಹೇಳಬೇಕು. ಆಗ್ನೇಯ ಏಷ್ಯಾದ ಒಂದು ಥ್ರಿಪ್ಸ್ ನುಸಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಸಿಕ್ಕಿದ್ದು 2015ರಲ್ಲಿ ವರದಿಯಾಯಿತು. 2021ರಲ್ಲಿ ಅದೇ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಿಗೆ ನುಗ್ಗಿ ಹೂವೆಲ್ಲ ಉದುರಿಸಿತು. ಬೆಳೆ ಕಿತ್ತೊಗೆದವರೂ ಇದ್ದಾರೆ. ನಡುವೆ ಆರು ವರ್ಷ ಇತ್ತು. ಮುಂದೆ ಯಾವ ಬೆಳೆ, ಯಾವ ಜಿಲ್ಲೆ ಅಂತ ಲೆಕ್ಕ ಹಾಕಿ, ರೈತರಿಗೆ ತಿಳಿಸೋಕೆ ಅಷ್ಟು ಸಮಯ ಸಾಲದಾ? ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈ ಸಲ ಗೋವಿನಜೋಳ ಬಿತ್ತಿ ಎರಡು ವಾರವಾದ ಮೇಲೆ ಸುಳಿ ಬಿಡಿಸಿ ನೋಡಿ. ಎಲೆಯ ಹಸಿರು ಕೆರೆದು ತೆಳು ಪೊರೆ ಉಳಿದಿದ್ದರೆ, ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಇದ್ದರೆ, ಹುಳು ಹುಡುಕಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ 'ವೈ' ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ. ಚುಕ್ಕೆ ಬೇರೆ ಥರ ಇದ್ದರೆ, ಯಾವ ಹುಳು ಅಂತ ಗೊತ್ತಾಗದಿದ್ದರೆ, ಸುಮ್ನೆ ಔಷಧಿ ಹೊಡೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಏನೂ ಸಿಗದಿದ್ದರೂ ತಾರೀಖು, ಊರಿನ ಹೆಸರು ಹಾಕಿ ನಮಗೊಂದು ಕಾರ್ಡ್ ಬರೆಯಿರಿ. ಮುಂದಿನ ನಕ್ಷೆಯಲ್ಲಿ 'ನೋಡಿದ್ದೇವೆ, ಇಲ್ಲ' ಅನ್ನುವ ಊರುಗಳಿಗೆ ಬೇರೆ ಬಣ್ಣ ಕೊಡುತ್ತೇವೆ.